ನೀರಿನ ತಳದ ಹೊಸ ನೆಲ

“ಕಾಲು ಬಡಿ, ಭುವಿ! ಸುಮ್ನ ನಿಂತ್ರ ಮುಳಗ್ತಿ!”

ಬಾವಿಯ ಮೆಟ್ಟಿಲ ಮೇಲಿಂದ ಮಾಳಿಂಗ ಕೂಗಿದ. ಬೆನ್ನಿಗೆ ಖಾಲಿ ಪ್ಲಾಸ್ಟಿಕ್ ಕ್ಯಾನು ಕಟ್ಟಿಕೊಂಡಿದ್ದ ಭುವನೇಶ್ವರಿ ನೀರು ಕುಡಿದು, ಕೆಮ್ಮಿ, ಮತ್ತೆ ಕಾಲು ಬಡಿದಳು. ಮುದ್ದೇಬಿಹಾಳದ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ಅವಳು ರಜೆಗೆಂದು ದೇವಣಗಾಂವಕ್ಕೆ ಬಂದು, ಸೋದರಮಾವ ಮಾಳಿಂಗನ ಹೊಲದ ಬಾವಿಯಲ್ಲಿ ಕದ್ದು ಈಜು ಕಲಿಯುತ್ತಿದ್ದಳು. ಹಿಂದೂ ಮಹಾಸಾಗರದ ತಳ ಅಭ್ಯಸಿಸುವ ಹಡಗಿನಲ್ಲಿ ಅವಳಿಗೆ ಜಾಗ ಸಿಕ್ಕಿತ್ತು. ಈಜು ಬಾರದವರನ್ನು ಅದು ಹತ್ತಿಸಿಕೊಳ್ಳುತ್ತಿರಲಿಲ್ಲ.

ಅವಳು ಚಿಕ್ಕವಳಿದ್ದಾಗ ಅಪ್ಪ ಸೋಮನಿಂಗ ಕುರಿ ದಾಟಿಸಲು ಹೋಗಿ ಭೀಮೆಯ ಮಹಾಪೂರದಲ್ಲಿ ಕೊಚ್ಚಿಹೋಗಿದ್ದ. ಅಂದಿನಿಂದ ತಾಯಿ ರುಕ್ಮವ್ವ ಮಗಳನ್ನು ಹೊಳೆಯ ಕಡೆ ಹೆಜ್ಜೆ ಇಡಗೊಟ್ಟಿರಲಿಲ್ಲ.

“ಮ್ಯಾಲ ಬಾ.”

ಭುವನೇಶ್ವರಿ ತಲೆ ಎತ್ತಿದಳು. ಬಾವಿಯ ಅಂಚಿನಲ್ಲಿ ಅವ್ವ ನಿಂತಿದ್ದಳು.

“ಮಾಳಿಂಗ್ಯಾ, ನೀನೂ ಕೂಡಿದಿ ಏನೋ?”

“ಮಾಮಾಗ ಬೈಬ್ಯಾಡ ಯವ್ವಾ, ನಾನ ಕೇಳಿದ್ದು. ಸಮುದ್ರಕ್ಕ ಹೊಂಟೇನಿ.”

ರುಕ್ಮವ್ವ ಇಳಿದು ಬಂದು ಮೆಟ್ಟಿಲ ಮೇಲೆ ಕೂತಳು. “ಹೊಳಿ ಸಾಲಲಿಲ್ಲೇನ ನಿನಗ? ಅಂಥಾದ್ದೇನೈತಿ ಅಲ್ಲಿ?”

ಭುವನೇಶ್ವರಿ ನೀರಿನಿಂದ ಮೇಲೆ ಬಂದಳು. ಒದ್ದೆ ಬಟ್ಟೆಯಲ್ಲೇ ಅವ್ವನ ಪಕ್ಕ ಕೂತು ಬಾವಿಯ ಕರಿಕಲ್ಲಿನ ಮೇಲೆ ಕೈಯಿಟ್ಟಳು.

“ಈ ಕಲ್ಲೂ ಒಂದ ಕಾಲಕ್ಕ ನೆಲದೊಳಗಿಂದ ಕುದಕೋತ ಬಂದ ರಸ. ನಮ್ಮ ಕಡೆ ಅದು ಯಾವಾಗೋ ನಿಂತೈತಿ. ಸಮುದ್ರದ ತಳದಾಗ ಇನ್ನೂ ನಿಂತಿಲ್ಲ. ಅಲ್ಲಿ ನೆಲ ಉದ್ದಕ್ಕ ಸೀಳೈತಿ. ಎರಡೂ ಕಡೆ ವರ್ಷಕ್ಕ ಬೆರಳಷ್ಟು ಸರೀತೈತಿ. ನಡುವ ರಸ ಉಕ್ಕಿ, ಆರಿ, ಹೊಸಾ ನೆಲ ಆಗತೈತಿ.”

“ಆ ಸೀಳಿನ್ಯಾಗ ಹಡಗ ಬಿದ್ರ?”

“ಅದು ಭಾಳ ಆಳದಾಗ ಐತಿ ಯವ್ವಾ, ಮ್ಯಾಲ ಗೊತ್ತಾಗಂಗಿಲ್ಲ. ಸೀಳೂ ನೇರ ಇಲ್ಲ, ತುಂಡ ತುಂಡ ಐತಿ. ಎರಡು ತುಂಡಿನ ನಡುವ ನೆಲ ಎದುರಾಬದರಾ ಸರೀತೈತಿ, ಸಣ್ಣ ಓಣ್ಯಾಗ ಎರಡು ಬಂಡಿ ಉಜ್ಜಿಕೊಂಡು ಹ್ವಾದಂಗ. ಅಲ್ಲಿ ನೆಲ ಹುಟ್ಟಂಗಿಲ್ಲ, ಬರೇ ನಡಗತೈತಿ.”

ರುಕ್ಮವ್ವ ಆ ಕರಿಕಲ್ಲನ್ನು ಮುಟ್ಟಿ ನೋಡಿದಳು. ಗಂಡ ತೀರಿಕೊಂಡ ವರ್ಷವೇ ದಂಡೆಯ ಹೊಲದ ಅರ್ಧ ಹೊಳೆಯ ಪಾಲಾಗಿತ್ತು.

“ನೀರು ನೆಲಾ ತಿನ್ನೂದು ನೋಡೇನಿ,” ಎಂದಳು. “ನೀರಾಗ ನೆಲಾ ಹುಟ್ಟೂದು ಇವತ್ತ ಕೇಳಿದ್ದು.”

ಆಮೇಲೆ ಮಗಳ ಬೆನ್ನಿನ ಗಂಟಿಗೆ ಕೈ ಹಾಕಿದಳು. ಕ್ಯಾನು ಬಿಚ್ಚಿ ಪಕ್ಕಕ್ಕಿಟ್ಟಳು. “ಈ ಡಬ್ಬಿ ಕಟಗೊಂಡ ಹಡಗ ಹತ್ತತಿ ಏನು? ಈ ದಂಡಿಯಿಂದ ಆ ದಂಡಿಗಿ ಈಸು. ನಾ ನೋಡಬೇಕು.”

ಭುವನೇಶ್ವರಿ ನೀರಿಗಿಳಿದಳು. ನಡುವೆ ಒಮ್ಮೆ ಮುಳುಗಿದಾಗ ಮಾಳಿಂಗ ಜಿಗಿಯಲು ಹೋದ, ರುಕ್ಮವ್ವ ಅವನ ತೋಳು ಹಿಡಿದಳು. ಮಗಳು ಎದುರಿನ ಕಲ್ಲು ಹಿಡಿದು ತಿರುಗಿದಾಗ ಅವ್ವ ಮೊಣಕಾಲುಮಟ ನೀರಿನಲ್ಲಿ ನಿಂತಿದ್ದಳು.

ಚಳಿಗಾಲದಲ್ಲಿ ಹಡಗು ಸಾಗರದ ನಡುವೆ ನಿಂತಿತು. ಕಬ್ಬಿಣದ ಬುಟ್ಟಿ ತಳದಿಂದ ಕಪ್ಪು ಕಲ್ಲುಗಳನ್ನು ತಂದು ಸುರಿಯಿತು. ಅವುಗಳ ಮೈಮೇಲೆ ಗಾಜಿನಂಥ ಹೊಳಪಿತ್ತು. ಭುವನೇಶ್ವರಿ ಒಂದನ್ನು ಎತ್ತಿಕೊಂಡು ಹಡಗಿನ ಉಪಗ್ರಹ ಸಂಪರ್ಕದಿಂದ ವಿಡಿಯೊ ಕರೆ ಮಾಡಿ ಅವ್ವನಿಗೆ ತೋರಿಸಿದಳು.

“ನಮ್ಮ ಬಾವಿ ಕಲ್ಲಿನಂಗ ಐತಲ್ಲ!”

“ಅದರ ಮುಂದ ಇದು ಮೊನ್ನೆ ಮೊನ್ನೆ ಹುಟ್ಟಿದ್ದ ಯವ್ವಾ.”

“ಹಂಗಾರ ಕೂಸು,” ಎಂದಳು ರುಕ್ಮವ್ವ. “ಮೆಲ್ಲಕ ಹಿಡಿ.”

ಭುವನೇಶ್ವರಿ ಕಲ್ಲಿನ ಕೆಳಗೆ ಇನ್ನೊಂದು ಕೈಯನ್ನೂ ಕೊಟ್ಟಳು. ಅದರಿಂದ ಸಮುದ್ರದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.