ಕಿಟಕಿಯ ಹಾಜರಿ

ಕ್ರಾಂತಿಯನ್ನು ಕಂಡರೆ ಸುಮಲತಾಗೆ ಮೈಯೆಲ್ಲ ಉರಿ. ಕ್ರಾಂತಿ ಎಂದರೆ ಯಾರು? ಒಂದನೇ ಕ್ಲಾಸಿನ, ಮುಂದಿನ ಹಲ್ಲು ಬಿದ್ದ ಪೋರಿ! ಅಷ್ಟುದ್ದದ ಹೆಂಗಸಿಗೆ ಇಷ್ಟುದ್ದದ ಕೂಸಿನ ಮೇಲೆ ಹೊಟ್ಟೆಕಿಚ್ಚು. ನಗಬೇಡಿ, ಕಾರಣ ಕೇಳಿ.

ಸುಮಲತಾಳ ಮಗಳು ಅಮೃತಾಗೆ ಮಾತು ತಡೆಯುತ್ತಿತ್ತು. ಮೊದಲ ಅಕ್ಷರಕ್ಕೇ ಸಿಕ್ಕಿಬಿದ್ದು ಕುತ್ತಿಗೆಯ ನರ ಉಬ್ಬುತ್ತಿತ್ತು. ಅಷ್ಟರೊಳಗೆ ತಾಯಿ ಬಾಯಿ ಹಾಕುತ್ತಿದ್ದಳು. ಅಂಗಡಿಯಲ್ಲಿ ಪೆಪ್ಪರಮೆಂಟು ಕೇಳುವವಳೂ ಅವಳೇ, ಎಸ್‌ಟಿಡಿ ಬೂತಿನಿಂದ ಅಜ್ಜಿಗೆ ಫೋನ್ ಹಚ್ಚಿದರೆ ಮಗಳ ಮಾತು ಹೇಳುವವಳೂ ಅವಳೇ. ಹಡಗಲಿಯ ಶಾಲೆಗೆ ಸೇರಿಸಿದ ಮೇಲೂ ಬಿಡಲಿಲ್ಲ. ಮಲ್ಲಿಗೆ ಕಟ್ಟುವುದನ್ನು ಅರ್ಧಕ್ಕೆ ಬಿಟ್ಟು ಬಂದು ಕ್ಲಾಸಿನ ಕಿಟಕಿಗೆ ನಿಲ್ಲುವಳು. ಶಿವಬಸಮ್ಮ ಟೀಚರ್ "ಅಮೃತಾ" ಎಂದದ್ದೇ ತಡ, ಹೊರಗಿನಿಂದ "ಹಾಜರ್ರೀ!" ಎನ್ನುವಳು. ಹುಡುಗರು ಗೊಳ್ಳೆಂದು ನಗುವರು.

"ನೀವ ಹಿಂಗ ನಿಂತ್ರ ಕೂಸು ಹುಡುಗ್ರ ಜತಿ ಕೂಡೂದು ಯಾವಾಗ್ರಿ?" ಎಂದರು ಟೀಚರ್.

"ಅದರ ಮಾತು ನನಗ ಬಿಟ್ರ ಯಾರಿಗೂ ತಿಳಿಯಂಗಿಲ್ರಿ." ಹೀಗೆನ್ನುವಾಗ ಸುಮಲತಾಗೆ ಒಳಗೊಳಗೇ ಹೆಮ್ಮೆ.

ಟೀಚರ್ ಕ್ರಾಂತಿಯನ್ನು ಕರೆತಂದು ಅಮೃತಾಳ ಪಕ್ಕ ಕೂರಿಸಿದರು. ಹೆಸರು ಕೂಗಿದಾಗ ಇಬ್ಬರೂ ಕೈ ಹಿಡಿದು ಒಟ್ಟಿಗೇ "ಹಾಜರ್ರೀ" ಅಂದರು. ಮಾತು ತಡೆಯಲೇ ಇಲ್ಲ! ತಾಯಿ ಕುಣಿದಾಡಬೇಕಿತ್ತು. ಅವಳು ಕಿಟಕಿಯ ಸರಳು ಹಿಡಿದು ಹಲ್ಲು ಕಡಿದಳು. ಇಷ್ಟು ವರ್ಷ ಸತ್ತು ಸುಣ್ಣವಾದವಳು ನಾನು, ನಿನ್ನೆ ಬಂದ ಇವಳ ಜೊತೆ ಬಾಯಿ ಬಿಟ್ಟಿತಲ್ಲ ನನ್ನ ಕೂಸು!

ಸಂಜೆ ನೋಡಿದರೆ ಮಗಳ ಜಡೆಯಲ್ಲಿ ಅರ್ಧ ಮಾಲೆಯೇ ಇಲ್ಲ.

"ಹೂವೆಲ್ಲೇ?"

"ಕ್... ಕ್ರಾಂತಿ..."

"ನಾ ಕಟ್ಟಿದ ಹೂವು ಅಕಿ ತಲಿಗೇನು?"

ಮರುದಿನ ಸುಮಲತಾ ಒಂದು ಸುಳ್ಳು ಹೇಳಿಬಿಟ್ಟಳು. "ಟೀಚರ್, ಆ ಹುಡುಗಿ ನಮ್ಮಾಕಿಗೆ ಚಿವುಟ್ತಾಳಂತ್ರಿ." ಟೀಚರ್ ನಂಬಿ ಕ್ರಾಂತಿಯನ್ನು ಹಿಂದಿನ ಸಾಲಿಗೆ ಕಳಿಸಿದರು. ಹುಡುಗಿ ಅಳುತ್ತಾ ಹೋಯಿತು.

"ಅಮೃತಾ."

ಜೊತೆಗೆ ಹೇಳಲು ಪಕ್ಕದಲ್ಲಿ ಕ್ರಾಂತಿಯಿಲ್ಲ. ಕಿಟಕಿಯಲ್ಲಿ ಸುಮಲತಾ ಖುಷಿಯಿಂದ ಬಾಯಿ ತೆರೆದಳು. ಅಮೃತಾ ಎದ್ದು ನಿಂತು ತಾಯಿಯ ಕಡೆ ತಿರುಗಿದಳು. ಕುತ್ತಿಗೆಯ ನರ ಉಬ್ಬಿತು.

"ನೀ... ನೀ... ಮ್... ಮನಿಗೆ ಹೋಗವ್ವಾ!"

ಒಬ್ಬರೂ ನಗಲಿಲ್ಲ. ಅಮೃತಾ ಟೀಚರ್ ಕಡೆ ತಿರುಗಿ, "ಹ್... ಹಾ... ಹಾಜರ್ರೀ" ಎಂದಳು. ತಡೆ ತಡೆದು, ಪೂರ್ತಿ, ಒಬ್ಬಳೇ.

ಸುಮಲತಾ ಕಿಟಕಿಯ ಸರಳು ಬಿಟ್ಟಳು. "ಟೀಚರ್, ಅಕಿ ಚಿವುಟಿಲ್ರಿ. ನಾನ ಸುಳ್ಳು ಹೇಳೀನಿ. ಬಾಜೂಕ ಕುಂದ್ರಸ್ರಿ," ಎಂದವಳೇ ಸೆರಗು ಬಾಯಿಗೊತ್ತಿ ಹೊರಟಳು. ದಾರಿಯುದ್ದಕ್ಕೂ ಅತ್ತಳು. ಹೆಮ್ಮೆಗೂ ಅತ್ತಳು, ಉರಿಗೂ ಅತ್ತಳು.

ಮಾರನೆಯ ಬೆಳಗ್ಗೆ ಮಗಳ ಕೈಗೆ ಎರಡು ಮಲ್ಲಿಗೆ ಮಾಲೆ ಕೊಟ್ಟು ಒಬ್ಬಳನ್ನೇ ಶಾಲೆಗೆ ಕಳಿಸಿದಳು. ಕ್ರಾಂತಿಯ ಮಾಲೆ ಮಾತ್ರ ನಾಲ್ಕು ಬೆರಳು ಗಿಡ್ಡ.