ಕೊಕ್ಕೆಗೆ ಸುತ್ತಿದ ಟೇಪು

ಗುಳ್ಳೆ ನಿಲ್ಲಲೇ ಇಲ್ಲ. ಅವರ ಲೇಪನದ ಶೆಡ್ಡಿನ ನಿಕ್ಕಲ್ ತೊಟ್ಟಿಯಲ್ಲಿ, ಹಸಿರು ನೀರಿನೊಳಗೆ ಕೊಕ್ಕೆಗಳಿಗೆ ತೂಗುಬಿಟ್ಟ ಬಾಗಿಲ ಹಿಡಿಕೆಗಳ ಮೈಯಿಂದ ಬುಸುಬುಸು ಏಳುತ್ತಲೇ ಇದ್ದವು.

"ಕರೆಂಟು ನಿಕ್ಕಲ್ ಕೂರಿಸೋದು ಬಿಟ್ಟು ಗುಳ್ಳೆ ಊದ್ತಾ ಕೂತಿದೆ," ಎಂದ ಗಂಡ, ಕೊಕ್ಕೆ ಜೋಡಿಸುತ್ತಿದ್ದ ಅವಳಿಗೆ. ಒಂದು ಹಿಡಿಕೆ ಎತ್ತಿ ಉಗುರಿನಿಂದ ಕೆರೆದ. ಲೇಪ ಈರುಳ್ಳಿ ಸಿಪ್ಪೆಯಂತೆ ಎದ್ದು ಬಂತು. ತಮ್ಮನ ಕಡೆ ತಿರುಗಿದ. "ಆ್ಯಸಿಡ್ ಜಾಸ್ತಿ ಸುರಿದೋನು ನೀನೇ ತಾನೆ?"

"ಅಳತೆ ನೋಡೇ ಸುರಿದಿದೀನಣ್ಣ. ಆ್ಯಸಿಡ್ ಅಳೆಯೋ ಕಾಗದ ಅದ್ದಿ ನೋಡು, ಬಣ್ಣ ಸರಿಯಾಗೇ ಇದೆ."

"ಕಾಗದ ಗೀಗದ ನನಗೆ ಹೇಳಬೇಡ. ಅತ್ತಿಗೇನ ನೋಡಿ ಕಲೀಬಾರ್ದಾ? ಮೇಲಿನ ಪ್ಲಾಸ್ಟಿಕ್ ಬಿರುಕು ಬಿಟ್ಟ ಕೊಕ್ಕೆಗೆಲ್ಲ ಟೇಪು ಸುತ್ತಿ ಹೊಸದರ ಹಾಗೆ ಮಾಡಿದಾಳೆ. ನೀನು ಕೈಯಿಟ್ಟಲ್ಲೆಲ್ಲ ಎಡವಟ್ಟು. ನಾಳೆಯಿಂದ ಈ ಕಡೆ ಬರಬೇಡ."

ಅವಳು ಮದುವೆಯಾಗಿ ಬಂದಾಗ ಮೈದುನ ಇನ್ನೂ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ. ಅವಳ ಕೈತುತ್ತು ತಿಂದು ಬೆಳೆದವನು. ಈ ತೊಟ್ಟಿಗಳ ಕೆಲಸ ಬಿಟ್ಟರೆ ಅವನಿಗೆ ಬೇರೇನೂ ಗೊತ್ತಿಲ್ಲ. ಹೇಗಾದರೂ ಮಾಡಿ ಗಂಡನ ಸಿಟ್ಟು ಇಳಿಸಬೇಕು, ಮುಂದಿನ ಸಲದ ಹಿಡಿಕೆಗಳಾದರೂ ನೆಟ್ಟಗೆ ಬರಬೇಕು ಎಂದುಕೊಂಡು ಖಾಲಿ ಕೊಕ್ಕೆಯೊಂದನ್ನು ಕೈಗೆತ್ತಿಕೊಂಡಳು. ತಾನೇ ಸುತ್ತಿದ ಟೇಪು ಒಂದು ಕಡೆ ಉಬ್ಬಿತ್ತು. ಒತ್ತಿದಳು. ಹಳದಿ ನೀರು ಜಿನುಗಿತು.

ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಹಿಡಿಕೆಗಳು ನಿಕ್ಕಲ್ ಆದ ಮೇಲೆ ಅದೇ ಕೊಕ್ಕೆಯಲ್ಲಿ ಪಕ್ಕದ ಕ್ರೋಮ್ ತೊಟ್ಟಿಗೆ ಇಳಿಯುತ್ತವೆ. ನಿಕ್ಕಲ್ ಕೂರಲು ಬಿಡದ ಅಲ್ಲಿನ ಹಳದಿ ವಿಷ ಟೇಪಿನಡಿ ಅಡಗಿ ಕೂತು, ಕೊಕ್ಕೆ ಮರಳಿ ಬಂದಾಗಲೆಲ್ಲ ನಿಕ್ಕಲ್ ತೊಟ್ಟಿಗೆ ತೊಟ್ಟಿಕ್ಕಿದೆ. ಎಷ್ಟು ಮುತುವರ್ಜಿಯಿಂದ ಸುತ್ತಿದ್ದಳೋ ಅಷ್ಟೇ ಭದ್ರವಾಗಿ ಅದನ್ನು ಕಾಪಾಡಿಕೊಂಡು ಬಂದಿದ್ದಳು.

ಸುಮ್ಮನಿದ್ದರೆ ಯಾರಿಗೂ ತಿಳಿಯದು. ಮೈದುನ ರಬ್ಬರ್ ಬೂಟು ಕಳಚಿ ಗೋಡೆಗೆ ಒರಗಿಸುತ್ತಿದ್ದ.

"ರೀ, ಇಲ್ಲಿ ನೋಡಿ."

"ಅವನ ವಕಾಲತ್ತು ಬೇಡ."

"ಅವನದ್ದಲ್ಲ. ನಂದು." ಟೇಪು ಕಿತ್ತು ಕೊಕ್ಕೆಯನ್ನು ಬಕೆಟ್ಟಿನ ತಿಳಿನೀರಿಗೆ ಅದ್ದಿದಳು. ಹಳದಿ ಎಳೆ ಎಳೆಯಾಗಿ ಬಿಚ್ಚಿಕೊಂಡು ನೀರೆಲ್ಲ ಹರಡಿತು. "ತೊಟ್ಟಿ ಕೆಡಿಸಿದ್ದು ನಾನು."

ಗಂಡ ಬಕೆಟ್ಟನ್ನೇ ನೋಡುತ್ತ ನಿಂತ. ಮೈದುನನೂ ನೋಡಿದ. ಆಮೇಲೆ ಬರಿಗಾಲಲ್ಲೇ ಬಾಗಿಲ ಕಡೆ ನಡೆದ.

"ಹೋಗಬೇಡ ಕಣೋ," ಎಂದಳು ಅವಳು.

"ನಿಮ್ಮ ಮೇಲೆ ಬೇಜಾರಿಲ್ಲ ಅತ್ತಿಗೆ. ಅಣ್ಣ ಒಂದು ಸಲ ಕಾಗದ ಅದ್ದಿ ನೋಡಬಹುದಿತ್ತು."

ಅವನು ಬೀದಿಗಿಳಿದು ಸ್ವಲ್ಪ ಹೊತ್ತಾದ ಮೇಲೆ ಗಂಡನಿಗೆ ಎಚ್ಚರವಾದಂತಾಯಿತು. ಬೂಟುಗಳನ್ನು ಬಾಚಿಕೊಂಡು ಹೊರಗೆ ಓಡಿದ. "ಏಯ್, ಬೂಟು ಬಿಟ್ಟು ಹೋದೆಯಲ್ಲೋ," ಎಂದು ಕೂಗಿದ್ದು ಒಳಗೆ ಕೇಳಿಸಿತು. ಮತ್ತೊಮ್ಮೆ ಕೂಗಿದ.

ಅವಳು ಸ್ವಿಚ್ ಆರಿಸಿದಳು. ಗುಳ್ಳೆಗಳು ನಿಂತವು. ಕಿಟಕಿಯಿಂದ ನೋಡಿದರೆ, ಬೀದಿಯ ತಿರುವಿನಲ್ಲಿ ಗಂಡನೊಬ್ಬನೇ ಕೈಗೊಂದು ಬೂಟು ಹಿಡಿದುಕೊಂಡು ಇನ್ನೂ ನಿಂತೇ ಇದ್ದ.