ಷರಾ: ಕೈ ಶುದ್ಧವಿಲ್ಲ

"ಏಯ್ ನಲವತ್ತೇಳು, ಕಿವಿಯಲ್ಲಿ ಸೋಪು ತುಂಬ್ಕೊಂಡಿದೆಯೇನೇ? ಹೆಬ್ಬೆಟ್ಟು ಒತ್ತು, ಕೂಪನ್ ಇಸ್ಕೋ, ಜಾಗ ಬಿಡು. ಓದೋಕೆ ನಿಂತ್ಬಿಟ್ಳು ಮಹಾ ಪಂಡಿತೆ."

ಸೂಪರ್‌ವೈಸರ್ ಹೀಗೆ ಕೂಗುವಾಗ ದೊಡ್ಡಕ್ಕ ಲಕೋಟೆಯ ಅಂಚು ಹರಿಯುತ್ತಿದ್ದಳು. ನಲವತ್ತೇಳು ಅವಳ ನಂಬರು. ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡಿ ಕಳಿಸುವ ಆ ದೊಡ್ಡ ಲಾಂಡ್ರಿಯಲ್ಲಿ ಅರವತ್ತು ಹೆಂಗಸರಿಗೂ ನಂಬರೇ ಹೆಸರು. ಹೆಂಗಸರೇನು ಕಮ್ಮಿಯಾ, ಅವನಿಗೂ ಒಂದು ಹೆಸರಿಟ್ಟಿದ್ದರು, ಪೀಪಿ ಅಂತ. ಕತ್ತಿಗೆ ವಿಶಲ್ ಕಟ್ಟಿಕೊಂಡು, ಯಾರಾದರೂ ಕಕ್ಕಸಿಗೆ ಹೋಗಿ ಐದು ನಿಮಿಷ ಆಯಿತೆಂದರೆ ಬಾಗಿಲ ಹೊರಗೆ ನಿಂತು ಊದುವ ಪುಣ್ಯಾತ್ಮ.

ತಿಂಗಳ ಹಿಂದೆ ಕಂಪನಿಯ ಕಂಪ್ಯೂಟರಿಗೆ ಯಾರೋ ಕನ್ನ ಹಾಕಿದ್ದರು. ಕೆಲಸದವರ ಫೋಟೋ, ಮನೆ ವಿಳಾಸ, ಯಾರಿಗೆ ಯಾವ ಕಾಯಿಲೆ, ಯಾರ ಮೇಲೆ ಏನು ದೂರು, ಎಲ್ಲ ಊರವರ ಫೋನುಗಳಲ್ಲಿ ಹರಿದಾಡಿತು. ಯಾರದು ಏನೇನು ಸೋರಿದೆಯೋ ಅದನ್ನು ಮೊಹರು ಒತ್ತಿ ಅವರವರ ಕೈಗೆ ಕೊಡಿ, ಪರಿಹಾರವನ್ನೂ ಕೊಡಿ ಎಂದು ಸರ್ಕಾರ ಹೇಳಿದ್ದರಿಂದ ಹೆಡ್ಡಾಫೀಸಿನ ಮೇಡಂ ಒಬ್ಬಳು ಲಕೋಟೆಗಳ ಪೆಟ್ಟಿಗೆ ತಂದು ಊಟದ ಹಾಲ್‌ನಲ್ಲಿ ಕೂತಿದ್ದಳು. ಪರಿಹಾರವೆಂದರೆ ಕಂಪನಿಯದೇ ಅಂಗಡಿಯಲ್ಲಿ ಒಂದು ಸಲ ಸಾಮಾನು ಕೊಳ್ಳುವ ಕೂಪನ್. ಅದರ ಜೊತೆ ಒಂದು ಕಾಗದ: ಇನ್ನು ನನ್ನದೇನೂ ತಕರಾರಿಲ್ಲ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂತಾರಲ್ಲ, ಹಾಗೆ.

ಉಳಿದವರು ಲಕೋಟೆ ಒಡೆಯದೆ ಏಪ್ರನ್ ಜೇಬಿಗೆ ತುರುಕಿ, ಹೆಬ್ಬೆಟ್ಟು ಒತ್ತಿ ಹೋಗುತ್ತಿದ್ದರು. ದೊಡ್ಡಕ್ಕನಿಗೆ ಮಾತ್ರ ಅದರಲ್ಲಿನ ಒಂದು ಸಾಲನ್ನು ಕಣ್ಣಾರೆ ನೋಡಬೇಕಿತ್ತು.

ಆ ಸಾಲು ಅವಳ ಮನೆಗೆ ಆಗಲೇ ಬಂದು ಹೋಗಿತ್ತು. ಮಗಳು ಔಷಧಿ ಅಂಗಡಿಯಲ್ಲಿ ಗಲ್ಲಾ ನೋಡಿಕೊಳ್ಳುತ್ತಿದ್ದಳು. ಅಂಗಡಿಯ ಮಾಲೀಕ ಫೋನು ಮುಂದೆ ಹಿಡಿದು, ನಿಮ್ಮಮ್ಮನ ಕೈ ಶುದ್ಧ ಇಲ್ಲವಂತೆ, ಕಂಪನಿಯೇ ಬರೆದಿದೆ, ಬೇವಿನ ಮರದಲ್ಲಿ ಮಾವು ಬಿಡುತ್ತೇನಮ್ಮ ಎಂದು ಕೇಳಿ ಮನೆಗೆ ಕಳಿಸಿದ್ದ. ಮಗಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು.

"ಅಮ್ಮಾ, ಏನು ಕದ್ದಿದ್ದೆ?"

ಕದ್ದೆಯಾ ಅಂದಿದ್ದರೆ ದೊಡ್ಡಕ್ಕ ತಡೆದುಕೊಳ್ಳುತ್ತಿದ್ದಳು. ಏನು ಕದ್ದಿದ್ದೆ ಅಂದಳಲ್ಲ ಹೆತ್ತ ಮಗಳು, ಅಲ್ಲಿಗೆ ಅವಳ ಕರುಳಿಗೆ ಬೆಂಕಿ ಬಿದ್ದಿತ್ತು. ಅವತ್ತಿನಿಂದ ತಾಯಿ ಮಗಳ ನಡುವೆ ಉಂಡೆಯಾ, ಬಾಗಿಲು ಹಾಕು, ಇಷ್ಟೇ ಮಾತು.

ಕಾಗದ ಬಿಚ್ಚಿದಳು. ಹೆಸರು, ವಿಳಾಸ, ರಜೆಗಳ ಪಟ್ಟಿ. ಕೆಳಗೆ, ಷರಾ: ಕೈ ಶುದ್ಧವಿಲ್ಲ, ನಿಗಾ ಇಡುವುದು. ಬರೆದವರು ಎಂಬಲ್ಲಿ ಪೀಪಿಯ ಪೂರ್ತಿ ಹೆಸರು. ಅದರ ಪಕ್ಕದ ತಾರೀಖಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದಳು.

ಎರಡು ವರ್ಷದ ಹಿಂದಿನದು. ಮಗಳ ಹುಟ್ಟಿದ ದಿನ, ಮರೆಯುವ ಮಾತೇ ಇಲ್ಲ. ಅವತ್ತು ಒಂದು ಗಂಟೆ ಮೊದಲು ಬಿಡಿ ಸಾರ್ ಎಂದು ಅಂಗಲಾಚಿ ಬೈಸಿಕೊಂಡಿದ್ದಳು. ಅವತ್ತೇ ಮಧ್ಯಾಹ್ನ, ಸೇತುವೆ ಪಕ್ಕದ ಹೋಟೆಲಿನಿಂದ ಬಂದ ದಿಂಬಿನ ಕವರು ಕೊಡವುವಾಗ ಕಲ್ಲಿನ ಉಂಗುರವೊಂದು ಟಣ್ಣೆಂದು ಬಿದ್ದಿತ್ತು. ಎತ್ತಿಕೊಂಡವಳೇ ನೆಟ್ಟಗೆ ಒಯ್ದು ಪೀಪಿಗೆ ಕೊಟ್ಟಳು. ಹೋಟೆಲಿಗೆ ಕಳಿಸ್ತೀನಿ, ಯಾರ ಹತ್ರಾನೂ ಬಾಯಿ ಬಿಡಬೇಡ ಎಂದು ಅವನು ಜೇಬಿಗಿಳಿಸಿದ. ವಾರ ಕಳೆದ ಮೇಲೆ ವ್ಯಾನಿನ ಡ್ರೈವರು ಒಂದು ಸುದ್ದಿ ತಂದ. ಉಂಗುರ ಕದ್ದಳೆಂದು ಆ ಹೋಟೆಲಿನಲ್ಲಿ ರೂಮು ಗುಡಿಸುವವಳೊಬ್ಬಳನ್ನು ಹೊರಗೆ ಹಾಕಿದರಂತೆ. ದೊಡ್ಡಕ್ಕ ಹೋಗಿ ಪೀಪಿಯನ್ನು ಕೇಳಿದಳು. ಅದು ಬೇರೆ ಉಂಗುರ, ನಿನ್ನ ಕೆಲಸ ನೀನು ನೋಡ್ಕೋ ಎಂದ. ನೋಡಿಕೊಂಡಳು. ಹೊಟ್ಟೆಪಾಡು ನೋಡಿ, ಬಾಯಿ ಮುಚ್ಚಿಸುತ್ತೆ. ಆದರೆ ಆ ಹೆಂಗಸಿನ ನೆನಪು ಎರಡು ವರ್ಷದಿಂದ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಈಗ ನೋಡಿದರೆ, ಉಂಗುರ ಇಸ್ಕೊಂಡ ಕೈಯಲ್ಲೇ ಅವತ್ತು ಸಂಜೆ ಅವನು ಇದನ್ನು ಬರೆದಿದ್ದಾನೆ. ನಾಳೆ ಇವಳು ಬಾಯಿ ಬಿಟ್ಟರೂ ಯಾರೂ ನಂಬಬಾರದು ಅಂತ. ಎಲಾ ಬೋಳಿಮಗನೇ ಎಂದುಕೊಂಡಳು.

ಮೇಡಂ ಒಳ್ಳೆಯವಳೇ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುತ್ತಿದ್ದಳು. ಏನು ನಷ್ಟ ಆಗಿದೆ ಹೇಳಿ ಅಮ್ಮಾ, ಬ್ಯಾಂಕಿನ ದುಡ್ಡು ಹೋಯಿತಾ, ಮೋಸದ ಫೋನು ಬಂತಾ, ಏನೂ ಇಲ್ಲವಾ, ಮೂರರಲ್ಲಿ ಒಂದಕ್ಕೆ ಗುರುತು ಹಾಕ್ತೀನಿ ಎಂದಳು. ಮಗಳ ಕೆಲಸ ಹೋಯಿತು, ನನ್ನ ಹೆಸರು ಹೋಯಿತು ಎಂದಳು ದೊಡ್ಡಕ್ಕ. ಅದಕ್ಕೆ ಕಾಲಂ ಇಲ್ಲವಲ್ಲಮ್ಮ ಎಂದು ಮೇಡಂ ನಿಜವಾಗಿಯೇ ಬೇಜಾರು ಮಾಡಿಕೊಂಡಳು. ಸೋರಿದ್ದಕ್ಕೆ ಕಂಪನಿ ಕ್ಷಮೆ ಕೇಳಿದೆ, ನೋಡಿ, ಪತ್ರ ಇದೆ.

"ಸೋರಿದ್ದಕ್ಕಲ್ಲ ಮೇಡಂ. ಬರೆದಿದ್ದಕ್ಕೆ."

ಅದು ಕಂಪನಿಯ ಒಳಗಿನ ವಿಚಾರ, ಈ ಪರಿಹಾರಕ್ಕೆ ಬರಲ್ಲ ಎಂದಳು ಮೇಡಂ. ಸರಿ, ಈ ಕಾಗದ ಮಾತ್ರ ನಿಜದ್ದು ತಾನೇ ಎಂದು ದೊಡ್ಡಕ್ಕ ಕೇಳಿದಳು. ಪ್ರತಿ ಅಕ್ಷರ ನಾನೇ ತಾಳೆ ನೋಡಿದ್ದೀನಿ, ಮೊಹರೂ ಇದೆ, ನನ್ನ ಸಹಿಯೂ ಇದೆ ಎಂದು ಮೇಡಂ ಬೆರಳಿಟ್ಟು ತೋರಿಸಿದಳು.

"ಹಾಗಾದ್ರೆ ಸೋರಿದ್ದು ನನ್ನ ಗುಟ್ಟಲ್ಲ, ಈ ಸಾರ್‌ದು" ಎಂದ ದೊಡ್ಡಕ್ಕ, ಇಡೀ ಹಾಲ್‌ಗೆ ಕೇಳುವ ಹಾಗೆ ಉಂಗುರದ ಕಥೆ ಹೇಳಿದಳು.

ಪೀಪಿ ಬಂದು ಕಾಗದ ಕಿತ್ತುಕೊಂಡು, ಉಂಡೆ ಮಾಡಿ ಒದ್ದೆ ನೆಲಕ್ಕೆ ಎಸೆದು, ಶೂನಿಂದ ಹೊಸಕಿದ.

"ಕಳ್ಳ ಮುಂಡೆ. ಹೇಲು ಬಟ್ಟೆ ಒಗೆಯೋಳಿಗೆ ಹೆಸರು ಬೇರೆ ಕೇಡು."

ಮೇಡಂ ಪೆನ್ನಿನ ಮುಚ್ಚಳ ಹಾಕಿ, ಕೂಪನ್ ಬೇಕೋ ಬೇಡವೋ ಅಷ್ಟು ಹೇಳಿಬಿಡಿ ಎಂದಳು. ದೊಡ್ಡಕ್ಕ ಕೂಪನ್ನನ್ನು ಅವಳ ಕಡೆಗೇ ಸರಿಸಿ, ಬಗ್ಗಿ ಉಂಡೆ ಎತ್ತಿಕೊಂಡಳು.

ಇಸ್ತ್ರಿ ಮೇಜಿನ ಮೇಲೆ ಅದನ್ನು ಉಗುರಿನಿಂದ ಬಿಡಿಸಿದಳು. ಮೇಲೊಂದು ತೆಳು ಬಟ್ಟೆ ಹಾಸಿ, ಶಾಖ ಇಳಿಸಿ, ಅಂಚಿನಿಂದ ನಡುವಿಗೆ ಒತ್ತುತ್ತಾ ಬಂದಳು. ಒಂಬತ್ತು ವರ್ಷದಲ್ಲಿ ಎಷ್ಟೋ ದೊಡ್ಡಮನುಷ್ಯರು ಮಲಗಿ ಮುದುರಿದ ಬಟ್ಟೆ ನೆಟ್ಟಗೆ ಮಾಡಿದ ಕೈ, ಒಂದು ಕಾಗದ ಯಾವ ಲೆಕ್ಕ? ಸುಕ್ಕು ಹೋಯಿತು. ಮೊಹರು ಒಂಚೂರೂ ಕದಡಲಿಲ್ಲ. ಪಕ್ಕದ ಮೇಜಿನ ಕುಳ್ಳಿ ತನ್ನ ಲಕೋಟೆಯನ್ನೂ ಒಡೆದು ಓದಿದಳು. ಬಸುರಿ ಇರಬಹುದು, ಕೆಲಸದಲ್ಲಿ ಮುಂದುವರಿಸುವುದು ಬೇಡ ಎಂದಿತ್ತು. ಥೂ ಇವನ ಎಂದು ಉಗಿದು, ದೊಡ್ಡಕ್ಕನ ಮುಖ ನೋಡಿದಳು.

ಸಂಜೆ ಮಗಳ ಮುಂದೆ ಕಾಗದ ಇಟ್ಟಳು. ಮಗಳು ಷರಾ ಓದಿದಳು, ತಾರೀಖಿನ ಹತ್ತಿರ ನಿಂತಳು. ಅಮ್ಮ ಉಂಗುರದ ಕಥೆ ಹೇಳಿ ಮುಗಿಸುವವರೆಗೂ ತಲೆ ಎತ್ತಲಿಲ್ಲ. ಆಮೇಲೆ ಮೂಗು ಒರೆಸಿಕೊಂಡು ಕೇಳಿದಳು.

"ಆ ಹೋಟೆಲಿಗೆ ದಿನಾ ಎಷ್ಟು ಶೀಟು ಹೋಗುತ್ತಮ್ಮಾ?"

ನೂರಿಪ್ಪತ್ತು ಎಂದಳು ದೊಡ್ಡಕ್ಕ. ಮಗಳು ಪೆನ್ನು ತಂದು ಕೊಟ್ಟಳು. ಕಂಪನಿಯ ಷರಾದ ಕೆಳಗೆ ದೊಡ್ಡಕ್ಕ ತನ್ನ ಷರಾ ಬರೆದಳು: ಉಂಗುರ ಸಿಕ್ಕಿದ್ದು ನನಗೆ. ಇಸ್ಕೊಂಡವನ ಹೆಸರು ಮೇಲಿದೆ. ರೂಮು ಗುಡಿಸುವವಳು ಕದ್ದಿಲ್ಲ. ತಾಯಿ ಮಗಳು ಜೊತೆಗೇ ಜೆರಾಕ್ಸ್ ಅಂಗಡಿಗೆ ಹೋದರು. ಕೆಲಸ ಹೋದರೆ ಏನಮ್ಮ ಮಾಡೋದು ಎಂದು ದಾರಿಯಲ್ಲಿ ಮಗಳು ಕೇಳಿದಳು. ಹೋಗುತ್ತೆ ಬಿಡು ಎಂದಳು ದೊಡ್ಡಕ್ಕ.

ಮರುದಿನ ಬೆಳಿಗ್ಗೆ ಸೇತುವೆ ಹೋಟೆಲಿನ ಶೀಟುಗಳನ್ನು ಅವಳೂ ಕುಳ್ಳಿಯೂ ಆಚೀಚೆ ಹಿಡಿದು ಮಡಿಸಿದರು. ಒಂದು ಮಡಿಕೆ, ಎರಡು ಮಡಿಕೆ, ಮೂರನೆಯದರಲ್ಲಿ ಕಾಗದ. ಹೊರಗಿನಿಂದ ನೋಡಿದರೆ ಏನೂ ಕಾಣಿಸದು. ಹಾಸಿಗೆಯ ಮೇಲೆ ಕೊಡವಿದವರ ಮಡಿಲಿಗೇ ಬೀಳಬೇಕು. ಪೀಪಿ ಎಂದಿನಂತೆ ಗಂಟುಗಳನ್ನು ಎಣಿಸಿ, ವಿಶಲ್ ಊದಿ, ತಾನೇ ಮುಂದೆ ನಿಂತು ವ್ಯಾನಿಗೆ ಹಾಕಿಸಿದ.

ಊಟದ ಹೊತ್ತಿಗೆ ಅವನ ಕ್ಯಾಬಿನ್ನಿನ ಫೋನು ಬಡಿದುಕೊಂಡಿತು. ಇಟ್ಟ, ಮತ್ತೆ ಬಂತು. ಮೂರನೆಯ ಸಲ ಅದನ್ನು ಬಡಿದುಕೊಳ್ಳಲು ಬಿಟ್ಟು ಹೊರಗೆ ಬಂದ. ಮುಖದಲ್ಲಿ ರಕ್ತ ಇರಲಿಲ್ಲ. ಯಂತ್ರಗಳ ಸದ್ದಿನ ಮೇಲೆ ಕೂಗಿದ.

"ಯಾರದೇ ಇದು ಕೈವಾಡ?"

ಅರವತ್ತು ಹೆಂಗಸರೂ ಕೈಯಲ್ಲಿದ್ದ ಬಟ್ಟೆ ಹಾಗೇ ಹಿಡಿದು ನಿಂತರು. ದೊಡ್ಡಕ್ಕ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಇಟ್ಟು, ಅವನ ಹತ್ತಿರ ನಡೆದು ಹೋಗಿ, ಎರಡೂ ಕೈ ಅವನ ಮೂಗಿನ ಮುಂದೆ ಬಿಚ್ಚಿ ಹಿಡಿದಳು. ಸೋಡಾದಲ್ಲಿ ಬೆಂದು ಬಿಳಿಚಿದ, ಬೆರಳ ಸಂದಿಯಲ್ಲಿ ಸಿಪ್ಪೆ ಎದ್ದ ಕೈ. ಒಂಬತ್ತು ವರ್ಷದಿಂದ ಅವನನ್ನು 'ಸಾರ್, ನೀವು' ಅನ್ನುತ್ತಿದ್ದವಳು ಈಗ ಏಕವಚನಕ್ಕಿಳಿದಳು.

"ನಂದು ಕಣೋ. ನೋಡ್ಕೋ, ಶುದ್ಧ ಇದೆಯೋ ಇಲ್ವೋ. ನೋಡಿ ಬರ್ಕೋ."

ಒಳಗೆ ಫೋನು ಬಡಿದುಕೊಳ್ಳುತ್ತಲೇ ಇತ್ತು. ಅವಳು ಮೇಜಿಗೆ ಹಿಂದಿರುಗಿ ಇನ್ನೊಂದು ಶೀಟು ಎಳೆದುಕೊಂಡಳು. ಆ ಕಡೆಯ ಅಂಚನ್ನು ಕುಳ್ಳಿ ಹಿಡಿದಳು.